ಮಗ್ಗ ನಿಂತ ದಿನ

ನಲವತ್ತು ವಿದ್ಯುತ್ ಮಗ್ಗಗಳನ್ನು ಒಂದೇ ಕೂಗಿಗೆ ನಿಲ್ಲಿಸಿದ ಮುಷ್ಕರದ ಮುಂದಾಳು ಎದೆಯುಬ್ಬಿಸಿಕೊಂಡು ಮನೆಗೆ ಬಂದರೆ, ಮೊಮ್ಮಗಳು ಸೂರು ಹಾರಿಹೋಗುವಂತೆ ಅಳುತ್ತಿದ್ದಳು. ಮನೆ ಮಗ್ಗದ ಶೆಡ್ಡಿಗೆ ಅಂಟಿಕೊಂಡೇ ಇತ್ತು. ಹುಟ್ಟಿದಂದಿನಿಂದ ಮಗ್ಗದ ಖಟಖಟ ಸದ್ದಿಲ್ಲದೆ ಕೂಸು ನಿದ್ದೆ ಮಾಡಿದ್ದೇ ಇಲ್ಲ.

“ಮಾವ, ಮಗ್ಗ ನಿಲ್ಲಿಸಿದೋರು ನೀವು, ಇವಳನ್ನ ಮಲಗಿಸೋರೂ ನೀವೇ,” ಎಂದು ಸೊಸೆ ಕೂಸನ್ನು ಅವನ ಮಡಿಲಿಗೆ ಹಾಕಿದಳು.

ಜೋಗುಳ ಹಾಡಿದ, ಅಳು ಜೋರಾಯಿತು. ಕೊನೆಗೆ ತಗಡಿನ ಡಬ್ಬಿಯನ್ನು ಸೌಟಿನಿಂದ ಖಟಖಟ ಬಡಿದ. ಕೂಸು ಕಣ್ಣು ಮುಚ್ಚಿತು. ಕೈ ನಿಂತರೆ ಮತ್ತೆ ಅದೇ ರಾಗ!

ಸದ್ದು ಕೇಳಿ ಜೊತೆಗಾರರು ನುಗ್ಗಿದರು. “ಯಾವ ದ್ರೋಹಿ ಮಗ್ಗ ಓಡಿಸ್ತಿರೋದು?”

“ನಾನೇ ಕಣ್ರೋ. ಮೆಲ್ಲಗೆ ಮಾತಾಡಿ, ಮಗು ಏಳುತ್ತೆ,” ಎಂದು ಮುಂದಾಳು ಬಡಿಯುತ್ತಲೇ ಇದ್ದ.

ಮುಷ್ಕರ ಮುರಿಯಲಿಲ್ಲ. ಆದರೆ ಅಂದು ಸಂಜೆಯವರೆಗೂ ತೋಳು ಬಿದ್ದುಹೋಗುವಷ್ಟು ದುಡಿದ ನೇಕಾರ ಅವನೊಬ್ಬನೇ.