ಕಾರಿನ ಹೊಟ್ಟೆಯಡಿಯ ಅಕ್ಷರ

ಅಪ್ಪ ವಿಮಾನಪುರದ ಕಾರ್ಖಾನೆಯಲ್ಲಿ ವಿಮಾನದ ರೆಕ್ಕೆಗಳಿಗೆ ತಗಡು ಕೂರಿಸುತ್ತಿದ್ದ. ಅಲ್ಲಿ ಕೆಲಸ ಮಾಡಿದವನು ತನ್ನ ಗುರುತಿನ ಮುದ್ರೆ ಒತ್ತದೆ ಏನನ್ನೂ ಮುಂದಕ್ಕೆ ಕಳಿಸುವಂತಿರಲಿಲ್ಲ. ಆ ಅಭ್ಯಾಸ ಅಪ್ಪನ ಹಿಂದೆಯೇ ಮನೆಗೂ ಬಂತು. ಕಬ್ಬಿಣದ ಮೇಲೆ ಅಕ್ಷರ ಮೂಡಿಸುವ ಪಂಚುಗಳನ್ನು ಒಂದು ಮರದ ಡಬ್ಬಿಯಲ್ಲಿ ಜೋಡಿಸಿಟ್ಟುಕೊಂಡಿದ್ದ. ಗೇಟಿನ ಕೀಲು ಸರಿಮಾಡಿದರೆ ಅದರ ಮೇಲೆ ತನ್ನ ಹೆಸರಿನ ಮೊದಲಕ್ಷರ ಕುಟ್ಟುತ್ತಿದ್ದ. ಅಮ್ಮನ ಈಳಿಗೆಮಣೆಗೆ ಹೊಸ ಅಲಗು ಹಾಕಿದಾಗಲೂ ಕುಟ್ಟಿದ. "ಮಾಡಿದೋರ ಗುರುತಿಲ್ದೆ ಇದ್ರೆ ಅದು ಕೆಲಸಾನೇ ಅಲ್ಲ" ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ನಾನು ಪೆದ್ದಿ, ನಂಬಿದ್ದೆ.

ಜೀವನ್ ಬಿಮಾ ನಗರದ ನಮ್ಮ ಮನೆಯ ಮುಂದೆ ಅಪ್ಪನ ಕಾರು ನಿಂತಿರುತ್ತಿತ್ತು. ಗೇರು ಸ್ಟೀರಿಂಗಿನ ಪಕ್ಕದಲ್ಲಿ, ಮುಂದಿನ ಬಾಗಿಲು ಹಿಂದುಮುಂದಾಗಿ ತೆರೆಯುವಂಥದ್ದು. ತೊಂಬತ್ತರ ದಶಕದ ನಡುವಿನಲ್ಲೇ ಅದು ಮುದಿ ಗಾಡಿ, ನಡು ಬಗ್ಗತೊಡಗಿತ್ತು. ಲಾರಿಗಿರುವಂತೆ ಅದಕ್ಕೆ ಅಡಿಯಲ್ಲಿ ಭಾರ ಹೊರುವ ಪ್ರತ್ಯೇಕ ಚೌಕಟ್ಟು, ಚಾಸಿ, ಇರಲಿಲ್ಲ. ಮುಂದೆ ಎರಡು ಮೋಟು ತೊಲೆ, ಹಿಂದೆ ಎರಡು, ನಡುವೆ ಬರೀ ನೆಲದ ತಗಡು. ಆ ತಗಡನ್ನು ತುಕ್ಕು ತಿಂದಿತ್ತು. ಹಲಸೂರಿನ ಕಡೆ ಹೋಗುವಾಗ ರೋಡ್ ಹಂಪ್ ಹತ್ತಿದರೆ ಬಾಗಿಲುಗಳು ಕಿರ್ರೆನ್ನುತ್ತಿದ್ದವು. ಜಾಕ್ ಕೊಟ್ಟು ಎತ್ತಿದರಂತೂ ಕಚ್ಚಿಕೊಂಡು ತೆರೆಯುತ್ತಲೇ ಇರಲಿಲ್ಲ. ಮುಂದಿನ ತೊಲೆಯಿಂದ ಹಿಂದಿನ ತೊಲೆಗೆ ಉದ್ದಕ್ಕೂ ಉಕ್ಕಿನ ಪೈಪು ಬೆಸೆದರೆ ಗಾಡಿ ಉಳಿಯುತ್ತಿತ್ತು, ಇಲ್ಲದಿದ್ದರೆ ಗುಜರಿಗೆ.

ಆಗಷ್ಟೇ ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಮನೆಯಲ್ಲಿದ್ದೆ. ತರಗತಿಯಲ್ಲಿ ನನ್ನಷ್ಟು ಚೆನ್ನಾಗಿ ವೆಲ್ಡಿಂಗ್ ಮಾಡುವವರಿರಲಿಲ್ಲ. ಆದರೆ ಸಂದರ್ಶನಕ್ಕೆ ಹೋದಲ್ಲೆಲ್ಲ ಕೇಳುತ್ತಿದ್ದುದು ಟೈಪಿಂಗ್ ಬರುತ್ತಾ ಅಂತ. ತಮ್ಮ ದಾವಣಗೆರೆಯ ಹಾಸ್ಟೆಲಿನಲ್ಲಿದ್ದ. ಕಾರಿನಲ್ಲಿ ಅವನಿಗೆ ಗೊತ್ತಿದ್ದದ್ದು ಹಾರನ್ ಒಂದೇ.

"ಈ ಕೆಲಸ ಪೂರ್ತಿ ನಿಂದೇ. ಮುಗಿದ್ಮೇಲೆ ನಿನ್ನಕ್ಷರ ಕುಟ್ಟೋಣ" ಎಂದ ಅಪ್ಪ.

ಆ ಮಾತಿಗೆ ನಾನು ಎಷ್ಟು ಹಿಗ್ಗಿದೆ ಎಂದು ಈಗ ನೆನೆದರೆ ನನ್ನ ಮೇಲೇ ಸಿಟ್ಟು ಬರುತ್ತದೆ. ಇದು ನಾನು ಮಾಡಿದ್ದು ಎಂದು ಹೇಳುವ ಒಂದು ತುಂಡು ಕಬ್ಬಿಣ ನನಗೆ ಬೇಕಿತ್ತು. ಯಾವ ಕಚೇರಿಯೂ ಕೊಡದ್ದನ್ನು ಅಪ್ಪ ಕೊಡುತ್ತಾನೆ ಎಂದುಕೊಂಡೆ.

ಯಾವ ಪೈಪು ಎಂಬಲ್ಲೇ ಜಗಳ ಶುರುವಾಯಿತು. ಅಪ್ಪನಿಗೆ ಅಲ್ಯೂಮಿನಿಯಂ ಹುಚ್ಚು.

"ವಿಮಾನಕ್ಕೆ ಯಾರಾದ್ರೂ ಹಿಂಗೆ ವೆಲ್ಡಿಂಗ್ ಮಾಡ್ತಾರೇನೇ? ರಿವೆಟ್ ಹೊಡಿ. ಹಗುರ ಇರುತ್ತೆ."

"ಅಪ್ಪ, ಇದು ಹಾರಲ್ಲ. ಗುಂಡಿಗೆ ಬೀಳುತ್ತೆ. ನಮ್ ರೋಡಿಗೆ ರಿವೆಟ್ ಸಡಿಲ ಆಗಿ ಉದುರುತ್ತೆ ಅಷ್ಟೆ."

ಬೋಲ್ಟ್ ಹಾಕೋಣ, ಬೇಡವಾದರೆ ಬಿಚ್ಚಬಹುದು ಎಂದ. ತುಕ್ಕು ಹಿಡಿದ ತಗಡಿನಲ್ಲಿ ಬೋಲ್ಟಿನ ತೂತು ದಿನದಿನಕ್ಕೆ ದೊಡ್ಡದಾಗುತ್ತದೆ ಎಂದೆ. ಕೊನೆಗೆ ಅಪ್ಪ ಉಕ್ಕಿಗೇ ಒಪ್ಪಿದ, ಇಬ್ಬರೂ ಶಿವಾಜಿನಗರದ ಗುಜರಿ ಸಾಲಿಗೆ ಹೋದೆವು. ಅಲ್ಲಿ ನೆಲದ ಮೇಲೆ ಕೂತು ಒಂದೊಂದೇ ಚೌಕ ಪೈಪನ್ನು ಕಲ್ಲಿಗೆ ತಟ್ಟಿ, ಕಣ್ಣಿಗೆ ಹಿಡಿದು ನೇರ ನೋಡಿದೆ. ಅಂಗಡಿಯ ಸಾಬರು ಅಪ್ಪನನ್ನು ಕೇಳಿದರು, "ಕ್ಯಾ ಸಾಬ್, ಬೇಟಿ ಕೈಲಿ ಯಾಕೆ ಇದೆಲ್ಲಾ ಮುಟ್ಟಿಸ್ತೀರಿ?"

"ಕೆಲಸ ಅವಳದು. ಅವಳೇ ಆರಿಸ್ಬೇಕು" ಎಂದ ಅಪ್ಪ, ಎದೆಯುಬ್ಬಿಸಿಕೊಂಡು. ಆ ಎದೆ ನಾಟಕದ್ದಲ್ಲ, ನಿಜವಾದದ್ದೇ. ಅದಕ್ಕೇ ಇವತ್ತಿಗೂ ನನಗೆ ಹೊಟ್ಟೆ ಉರಿಯುವುದು.

ಮಾರನೆಯ ದಿನ ಅಪ್ಪ ಕಾರಿನ ಹೊಟ್ಟೆಗೆ ದಿಮ್ಮಿಗಳನ್ನು ಕೊಟ್ಟು ಎತ್ತಿ ನಿಲ್ಲಿಸಿದ. ಶೆಡ್ಡಿನಲ್ಲಿ ವಿಮಾನವನ್ನು ಹಾಗೇ ಆನಿಸಿ ನಿಲ್ಲಿಸುತ್ತಾರಂತೆ. ನಾಲ್ಕೂ ಚಕ್ರ ಗಾಳಿಯಲ್ಲಿ ಜೋತಾಡುತ್ತಿದ್ದವು. ನಾನು ಬಾಗಿಲು ಎಳೆದು ನೋಡಿದೆ, ಜಪ್ಪಯ್ಯ ಎಂದರೂ ತೆರೆಯಲಿಲ್ಲ. ಆ ಸ್ಥಿತಿಯಲ್ಲಿ ಬೆಸೆದಿದ್ದರೆ ಗಾಡಿಯ ಗೂನು ಹಾಗೇ ಖಾಯಮ್ಮಾಗುತ್ತಿತ್ತು. ಇಳಿಸು ಎಂದೆ. ಒಂದೊಂದು ಚಕ್ರದ ಕೆಳಗೂ ಸೈಜುಗಲ್ಲು ಪೇರಿಸಿ, ಗಾಡಿಯ ಭಾರವನ್ನೆಲ್ಲ ಅದರ ಚಕ್ರಗಳ ಮೇಲೇ ಬಿಟ್ಟೆ. ಬಾಗಿಲು ಸಲೀಸಾಗಿ ತೆರೆಯಿತು. ಅಪ್ಪ ಎರಡು ಸಲ ತೆರೆದು ಮುಚ್ಚಿ, "ಸರಿ ಕಣೆ" ಎಂದ. ಅಪ್ಪನ ಬಾಯಿಂದ ಅದು ಬಿರುದೇ ಸರಿ.

ಸೀಟು, ಪೆಟ್ರೋಲ್ ಟ್ಯಾಂಕು ಬಿಚ್ಚಿಟ್ಟೆವು. ಹಲಸೂರಿನಿಂದ ಬಾಡಿಗೆ ವೆಲ್ಡಿಂಗ್ ಸೆಟ್ಟು ಬಂತು. ಹಳೆಯ ತೊಲೆಯ ತಗಡು ತೆಳ್ಳಗಿದ್ದು, ಒಂದೇ ಸಮನೆ ಸುಟ್ಟರೆ ತೂತು ಬೀಳುತ್ತಿತ್ತು. ಅದಕ್ಕೆ ದಪ್ಪ ಪಟ್ಟಿ ಒತ್ತುಕೊಟ್ಟು, ಸೀರೆಗೆ ಫಾಲ್ ಹೊಲಿಯುವ ಹಾಗೆ ಅಲ್ಲೊಂದು ಇಲ್ಲೊಂದು ಚುಕ್ಕೆ ಹಾಕುತ್ತ, ಆರಲು ಬಿಡುತ್ತ ಹೋದೆ. ಅಂಗಾತ ಮಲಗಿ ಮಾಡುವಾಗ ಕಿಡಿ ಕತ್ತಿನೊಳಗೆ ಇಳಿಯುತ್ತಿತ್ತು. ಅಪ್ಪ ಪಕ್ಕದಲ್ಲಿ ಕೂತು ಹಸಿ ಗೋಣಿತಾಟು ಕೊಡುತ್ತಿದ್ದ. ಪಕ್ಕದ ಮನೆಯಾಕೆ ಕಾಂಪೌಂಡಿನ ಆಚೆಯಿಂದ ಅಮ್ಮನಿಗೆ ಹೇಳಿದರು, "ಮುಖ ಸುಟ್ಕೊಂಡ್ರೆ ಆಮೇಲೆ ಗಂಡು ಎಲ್ಲಿ ಹುಡುಕ್ತೀರಿ ರೀ?" ಅಮ್ಮ ಒಳಗೆ ಹೋದಳು.

ಎರಡೂ ಬದಿ ಮುಗಿಯಿತು. ಬಾಗಿಲ ಕೆಳಗೆ ಜಾಕ್ ಹಚ್ಚಿ ಎತ್ತಿದರೆ ಮುಂದಿನ ಚಕ್ರವೂ ಹಿಂದಿನ ಚಕ್ರವೂ ಒಟ್ಟಿಗೆ ಎದ್ದವು, ಬಾಗಿಲು ಬೆರಳಲ್ಲಿ ತೆರೆಯಿತು. ನಾನು ಸೆಟ್ಟು ಹಿಂತಿರುಗಿಸಿ ಬರಲು ಹಲಸೂರಿಗೆ ಹೋದೆ. ಬಂದು, ತುಕ್ಕು ಹಿಡಿಯದಿರಲೆಂದು ಕಪ್ಪು ಬಣ್ಣ ಬಳಿಯಲು ಗಾಡಿಯ ಕೆಳಗೆ ತೂರಿದೆ. ಎಡಗಡೆಯ ಪೈಪಿನ ಮೇಲೆ ಆಗಲೇ ಅಕ್ಷರ ಕುಟ್ಟಿತ್ತು, ತಮ್ಮನ ಹೆಸರಿನ ಮೊದಲಕ್ಷರ.

ಬ್ರಷ್ ಹಿಡಿದುಕೊಂಡೇ ಹೊರಬಂದೆ. "ನಂದು ಕುಟ್ಟೋಣ ಅಂದಿದ್ದೆ ನೀನು."

ಅಪ್ಪ ಪಂಚುಗಳನ್ನು ಎಣ್ಣೆ ಬಟ್ಟೆಯಲ್ಲಿ ಒರೆಸುತ್ತಿದ್ದ. "ನೀನು ನಾಳೆ ಇನ್ನೊಬ್ರ ಮನೆಗೆ ಹೋಗೋಳು. ಗಾಡಿ ಅವನತ್ರ ಇರುತ್ತೆ. ಅವನಕ್ಷರ ಇದ್ರೆ ಚೆಂದ ಅಲ್ವಾ?"

"ಮಾಡಿದ್ದು ನಾನು."

"ನಂಗೆ ಗೊತ್ತಲ್ಲ. ಸಾಕು ಬಿಡು. ಹುಡುಗಿ ವೆಲ್ಡಿಂಗ್ ಮಾಡಿದ್ದು ಅಂದ್ರೆ ನಾಳೆ ಗಾಡಿ ನೋಡೋರು ನಗ್ತಾರೆ."

ಜೀವಮಾನವೆಲ್ಲ ಮುದ್ರೆಯ ಮೇಲೆ ಪ್ರಾಣ ಇಟ್ಟುಕೊಂಡಿದ್ದವನು, ಕಾರ್ಖಾನೆಯಲ್ಲಿ ಯಾರಾದರೂ ಹೀಗೆ ಸುಳ್ಳು ಮುದ್ರೆ ಒತ್ತಿದ್ದರೆ ಕೊರಳಪಟ್ಟಿ ಹಿಡಿಯುತ್ತಿದ್ದವನು. ಮನೆಯೊಳಗೆ ಮಾತ್ರ ಆ ಕಾನೂನಿಗೆ ರಜೆ. ನಾನು ಮತ್ತೆ ಕೆಳಗೆ ತೂರಿ ಬಣ್ಣ ಬಳಿದೆ. ಆ ಅಕ್ಷರದ ಮೇಲೆ ಬೇಕೆಂದೇ ದಪ್ಪಗೆ ಬಳಿದೆ. ಒಣಗಿದ ಮೇಲೂ ಅದು ಕಾಣುತ್ತಿತ್ತು, ಅಪ್ಪನ ಕೈ ಅಷ್ಟು ಗಟ್ಟಿ.

ನನ್ನ ಹೆಸರನ್ನು ಕೆತ್ತಿಸಲೇ ಇಲ್ಲ ಎಂದರೆ ತಪ್ಪಾಗುತ್ತದೆ. ಮದುವೆಗೆ ಕೊಟ್ಟ ಸ್ಟೀಲಿನ ಡಬ್ಬಿ, ಬೋಗುಣಿಗಳಲ್ಲೆಲ್ಲ ಕೆತ್ತಿಸಿದ್ದರು. ಬೇಳೆ ತೆಗೆಯುವಾಗಲೆಲ್ಲ ಓದಿಕೊಳ್ಳುತ್ತೇನೆ.

ಅಪ್ಪ ತೀರಿಕೊಂಡ ಮೇಲೆ ಕಾರು ತಮ್ಮನಿಗೆ ಹೋಯಿತು. ಎಲ್ಲರ ಕೈಗೂ ಮೊಬೈಲ್ ಬಂದ ಕಾಲ. ಒಂದು ಮಧ್ಯಾಹ್ನ ಅವನು ಕೆ.ಆರ್. ಪುರದ ತೂಗುಸೇತುವೆಯ ಹತ್ತಿರ ಟೈರು ಪಂಚರ್ ಆಗಿ ನಿಂತು ನನಗೆ ಫೋನ್ ಮಾಡಿದ.

"ಅಕ್ಕಾ, ಜಾಕ್ ಎಲ್ಲಿ ಕೊಡ್ಬೇಕು? ಎಲ್ಲಿ ಕೊಟ್ರೂ ತಗಡು ಒಳಕ್ಕೆ ಹೋಗ್ತಿದೆ."

"ಎಡಗಡೆ ಬಾಗಿಲ ಕೆಳಗೆ ಬಗ್ಗಿ ನೋಡು. ಉದ್ದಕ್ಕೆ ಚೌಕ ಪೈಪ್ ಇದೆ. ಅದರ ಮೇಲೆ ನಿನ್ನಕ್ಷರ ಇದೆ. ಅದರ ಪಕ್ಕಕ್ಕೇ ಕೊಡು."

ಲಾರಿಗಳ ಸದ್ದಿನ ನಡುವೆ ಅವನು ಪೈಪು ಉಜ್ಜುವುದು ಕೇಳಿಸಿತು. ಆಮೇಲೆ ಅವನ ದನಿ ಒಡೆದು ಬಂತು. ಅವನು ಅಳುತ್ತಿದ್ದ.

"ಈ ಅಕ್ಷರದ ವಿಷ್ಯ ನಂಗೆ ಗೊತ್ತೇ ಇರ್ಲಿಲ್ಲ ಅಕ್ಕಾ. ಅಪ್ಪ ನನ್ಗೋಸ್ಕರ ಮಾಡಿಟ್ಟಿದ್ದಾನೆ. ಏನ್ ಕೆಲಸ ನೋಡು, ಇಷ್ಟು ವರ್ಷ ಆದ್ರೂ ಒಂಚೂರೂ ಅಲ್ಲಾಡಿಲ್ಲ. ಆಗ ನೀನು ಮನೇಲೇ ಇದ್ದೆ ಅಲ್ವಾ? ಗಾಡಿ ರಿಪೇರಿ ಮಾಡೋವಾಗ ನೀನು ಟಾರ್ಚ್ ಹಿಡ್ಕೊಂಡಿದ್ದೆ ಅಂತ ಅಪ್ಪ ಹೇಳ್ತಿದ್ದ."

ನನ್ನ ಕತ್ತಿನ ಕೆಳಗೆ ಕಿಡಿ ಬಿದ್ದ ಕಲೆ ಈಗಲೂ ಇದೆ. ಕೈ ತಾನಾಗಿ ಅಲ್ಲಿಗೆ ಹೋಯಿತು.

"ಹೂಂ" ಎಂದೆ. "ಜಾಕ್ ನಿಧಾನಕ್ಕೆ ಏರಿಸು."