ಗಡಿಯಾರ ನೋಡಿ ಅಲಾರಂ ಎಣಿಸಿದವರು

ಕಾಶಿನಾಥರು ಯಾರ ಮನೆಗೆ ಹೋದರೂ ಮೊದಲು ಗೋಡೆ ಗಡಿಯಾರ ನೋಡುತ್ತಿದ್ದರು. ಅದು ಸರಿಯಾಗಿ ನಡೆಯುತ್ತಿದ್ದರೆ ಅವರ ಮುಖ ಬಾಡುತ್ತಿತ್ತು.

ಸಂಸ್ಥೆಯೊಂದು ಬೀದರ, ಭಾಲ್ಕಿ, ಔರಾದದ ಕೆಲವು ಓಣಿಗಳಿಗೆ ಹೊಗೆ ಅಲಾರಂ ಹಂಚಿತ್ತು. ಹೊಗೆ ತಾಗಿದರೆ ಕಿರುಚುವ ಬಿಳಿ ಡಬ್ಬಿ. ವರ್ಷದ ಮೇಲೆ, ಅದು ಎಷ್ಟು ಮನೆಗಳಲ್ಲಿ ಇನ್ನೂ ಕೆಲಸ ಮಾಡುತ್ತಿದೆ ಎಂದು ಎಣಿಸಲು ಕಾಶಿನಾಥರನ್ನೂ ನನ್ನನ್ನೂ ಕಳಿಸಿತು. ನಾನು ಬಾಗಿಲಲ್ಲೇ ನಿಂತು ಕೇಳಿ, ‘ಹೌದು’ ಎಂದು ಗೀಚಿ ಮುಂದಕ್ಕೆ ಹೋಗುವವನು. ನನ್ನದು ನಲವತ್ತು ಮನೆ ಮುಗಿಯುವಷ್ಟರಲ್ಲಿ ಅವರದು ಒಂಬತ್ತು.

ನನ್ನ ಹಾಳೆ ನೋಡಿದರು. “ಎಲ್ಲಾ ಹೌದು? ಭಾರಿ ಓಣಿ ಬಿಡ್ರಿ,” ಎಂದರು. ನಗಲಿಲ್ಲ.

ಭಾಲ್ಕಿಯ ಆ ಓಣಿಯ ಮೊದಲ ಮನೆಗೇ ನನ್ನನ್ನು ವಾಪಸು ಕರೆದೊಯ್ದರು.

“ಟೈಮ್ ಎಷ್ಟಾತ್ರಿ ಅಕ್ಕೋರೆ?”

“ಹನ್ನೊಂದೂಕಾಲು ನೋಡ್ರಿ. ನಮ್ಮ ಗಡಿಯಾರ ಬರಾಬರ್ ನಡಿಲತ್ತದ,” ಎಂದರು ಮನೆಯಾಕೆ, ಹೆಮ್ಮೆಯಿಂದ.

ಕಾಶಿನಾಥರು ಸ್ಟೂಲ್ ಹತ್ತಿ ಅಲಾರಂ ಬಿಚ್ಚಿದರು. ಒಳಗೆ ಸೆಲ್ ಇರಲಿಲ್ಲ.

“ಒಗ್ಗರಣಿಗಿ ಮೆಣಸಿನಕಾಯಿ ಹಾಕಿದ್ರ ಸಾಕು, ಒದರ್ತದ್ರಿ. ಓಣಿ ಮಂದಿ ಎಲ್ಲಾ ಬಂದು ನಿಂದರ್ತಾರ. ಗಡಿಯಾರಕ್ಕರ ಆಗ್ಲಿ ಅಂತ ತೆಗದ್ವಿ.”

ಕಾಶಿನಾಥರು ‘ಇಲ್ಲ’ ಎಂದು ಬರೆದರು. ಡಬ್ಬಿಯನ್ನು ಒಲೆಯಿಂದ ದೂರಕ್ಕೆ ಸರಿಸಿ, ಜೇಬಿನಿಂದ ಹೊಸ ಸೆಲ್ ತೆಗೆದು ಹಾಕಿದರು.

ಬಸ್ಸಿನಲ್ಲಿ ನಾನು, ಎಲ್ಲರೂ ಹೌದು ಅಂದರೆ ನಮ್ಮದೇನು ತಪ್ಪು ಎಂದು ವಾದಿಸಿದೆ.

“ಹೊಗಿ ಎಬ್ಬಸಂಗಿಲ್ರಿ, ಮಲಗಸ್ತದ. ನಮ್ಮ ತಮ್ಮ ಏಳಲೇ ಇಲ್ಲ,” ಎಂದರು, ಟಿಕೆಟ್ ಮಡಚುತ್ತ. “ನೀವು ಹೌದು ಅಂತ ಬರದ್ರ ಆ ಮನಿಗಿ ಮತ್ತ ಯಾರೂ ಹೋಗಂಗಿಲ್ಲ.”

ಮರುದಿನ ನಲವತ್ತೂ ಮನೆಗಳಿಗೆ ಮತ್ತೆ ಹೋದೆ. ನನ್ನ ಹೆಚ್ಚಿನ ‘ಹೌದು’ಗಳು ‘ಇಲ್ಲ’ ಆದವು. ಅಷ್ಟು ನಾಚಿಕೆ ನನಗೆ ಹಿಂದೆಂದೂ ಆಗಿರಲಿಲ್ಲ.

ಹೋದ ತಿಂಗಳು ಎದೆನೋವು ಬಂದು ಕಾಶಿನಾಥರು ತೀರಿಕೊಂಡರು. ಅದೇ ವಾರ ಭಾನುವಾರ ಔರಾದದ ಅವರ ಮನೆಗೆ ಮಾತಾಡಿಸಲು ಹೋದೆ. ಒಳಗೆ ನೆಂಟರು ಕೂತಿದ್ದರು. ಅಭ್ಯಾಸಬಲ, ಗಡಿಯಾರ ನೋಡಿದೆ. ನಾಲ್ಕೂವರೆಗೆ ನಿಂತಿತ್ತು.

“ಯಾವಾಗ ನಿಂತದ್ರಿ ಇದು?” ಎಂದು ಅವರ ಹೆಂಡತಿಯನ್ನು ಕೇಳಿದೆ.

“ನಡದದ್ದೇ ನಾ ನೋಡಿಲ್ರಿ. ಸೆಲ್ ತಂದಾಗೆಲ್ಲ ಆ ಡಬ್ಬಿಗೇ ಹಾಕ್ತಿದ್ದರು. ಟೈಮ್ ಬೇಕಾದ್ರ ಬಾಜೂ ಮನ್ಯಾಗ ಕೇಳ್ರಿ.”

ತಡೆಯಲಾಗಲಿಲ್ಲ. ಸ್ಟೂಲ್ ಹತ್ತಿ ಅಲಾರಂ ಗುಂಡಿ ಒತ್ತಿದೆ. ಅದು ಮನೆ ಹಾರಿಹೋಗುವಂತೆ ಕಿರುಚಿತು. ನೆಂಟರೆಲ್ಲ ಬೆಚ್ಚಿ ಎದ್ದು ನಿಂತರು. ನಾನು ಸ್ಟೂಲ್ ಮೇಲೆಯೇ ಅತ್ತುಬಿಟ್ಟೆ.

ಆಕೆ ಮಾತ್ರ ಕೂತಲ್ಲಿಂದ ಅಲುಗಲಿಲ್ಲ.

“ಪ್ರತಿ ಐತಾರ ಅವರೇ ಒತ್ತತಿದ್ದರ್ರಿ,” ಎಂದರು. “ಇವತ್ತ ಯಾರು ಒತ್ತತಾರ ಅಂತ ಮುಂಜಾನಿಂದ ಕುಂತಿದ್ದೆ.”