ಹೊಳೆಗೆ ಬಿಟ್ಟ ತಲೆ

ನನ್ನ ಅಕ್ಕನನ್ನು ಹುಕ್ಕೇರಿ ಕಡೆಯ ಒಂದು ಹಳ್ಳಿಗೆ ಕೊಟ್ಟಿದ್ದರು. ಆ ಊರ ಹೊರಗೆ ಪೂಜೆ ನಿಂತುಹೋದ ಹಳೆಯ ಕಲ್ಲಿನ ಗುಡಿಯೊಂದಿದೆ. ಸರಕಾರದ ಪುರಾತತ್ವ ಇಲಾಖೆಯವರು ಅದರ ಸುತ್ತ ತಂತಿಬೇಲಿ ಹಾಕಿ, ಗೇಟು ನಿಲ್ಲಿಸಿ, ಅಕ್ಕನನ್ನು ದಿನಗೂಲಿಯ ಮೇಲೆ ಕಾವಲಿಗೆ ಇಟ್ಟಿದ್ದರು. ಕಸ ಗುಡಿಸುವುದು, ಗೇಟು ತೆಗೆದು ಮುಚ್ಚುವುದು, ಕಂಬದ ಮೇಲೆ ತಮ್ಮ ಹೆಸರು, ಹುಡುಗಿಯ ಹೆಸರು ಕೆತ್ತುವವರನ್ನು ಬೈದು ಓಡಿಸುವುದು ಅವಳ ಕೆಲಸ. ತನ್ನನ್ನು ಇನ್ನೇನು ಕಾಯಂ ಮಾಡುತ್ತಾರೆಂದು ವರ್ಷ ವರ್ಷವೂ ಹೇಳುತ್ತಿದ್ದಳು. ದೊಡ್ಡ ಸಾಹೇಬರೊಬ್ಬರು ಗುಡಿ ನೋಡಲು ಬಂದಾಗ ಅಂಗಳ ಸ್ವಚ್ಛ ಇದೆ ಅಂದಿದ್ದರಂತೆ. ಆ ಒಂದು ಮಾತನ್ನು ಅವಳು ಊರೆಲ್ಲ ಹಂಚಿದ್ದಳು.

ಸ್ಮಾರಕಕ್ಕೆ ಧಕ್ಕೆ ಮಾಡಿದವರಿಗೆ ಶಿಕ್ಷೆ ಎಂದು ಬರೆದ ತಗಡಿನ ಬೋರ್ಡೂ ಅಲ್ಲಿತ್ತು. ಅದನ್ನು ಗುಡಿಯ ಗೋಡೆಗೇ ಮೊಳೆ ಹೊಡೆದು ಕೂಡಿಸಿದ್ದರು. ಮೊಳೆ ಹೊಡೆಯುವಾಗ ಗೋಡೆಯ ಹಂಸವೊಂದರ ಕೊಕ್ಕು ಉದುರಿತೆಂದು ಅಕ್ಕ ಹೇಳುತ್ತಿದ್ದಳು. ಉದುರಿಸಿದವರು ಇಲಾಖೆಯವರೇ ಆದ್ದರಿಂದ ಅದು ಧಕ್ಕೆಯ ಲೆಕ್ಕಕ್ಕೆ ಬರಲಿಲ್ಲ.

ನಾನು ಸಾಲಿ ಅರ್ಧಕ್ಕೇ ಬಿಟ್ಟವನು. ಮೂಡಲಗಿಯಲ್ಲಿ ಟ್ರ್ಯಾಕ್ಟರ್ ಸೀಟುಗಳಿಗೆ ರೆಕ್ಸಿನ್ ಹೊಲಿಯುವ ಅಂಗಡಿಯಲ್ಲಿ ದುಡಿಯುತ್ತಿದ್ದೆ. ಕ್ಯಾಮೆರಾ ಇರುವ ಚೈನಾ ಮೊಬೈಲುಗಳು ನಮ್ಮ ಸಂತೆಗೆ ಬಂದ ಕಾಲ ಅದು. ನಾನೂ ಒಂದು ಕೊಂಡೆ. ಸೆಲ್ಫಿ ಎಂಬ ಶಬ್ದ ನಮ್ಮ ಕಡೆ ಇನ್ನೂ ಬಂದಿರಲಿಲ್ಲ, ಆದರೆ ಚಟ ಮೊದಲೇ ಬಂದಿತ್ತು. ಕ್ಯಾಮೆರಾ ಇದ್ದದ್ದು ಮೊಬೈಲಿನ ಬೆನ್ನಿಗೆ. ಅದನ್ನು ತನ್ನ ಕಡೆ ತಿರುಗಿಸಿ, ಕೈ ಉದ್ದ ಮಾಡಿ, ಅಂದಾಜಿನ ಮೇಲೆ ಗುಂಡಿ ಒತ್ತಬೇಕು. ಗೋಕಾಕದ ಜಲಪಾತಕ್ಕೆ ಹೋದರೆ ಜಲಪಾತಕ್ಕೆ ಬೆನ್ನು ಮಾಡಿ ನಿಲ್ಲುತ್ತಿದ್ದೆ. ಹಿಡಕಲ್ ಡ್ಯಾಮಿಗೂ ಬೆನ್ನು. ನೋಡಲೆಂದು ಬಸ್ಸಿನ ಖರ್ಚು ಹಾಕಿಕೊಂಡು ಹೋದದ್ದಕ್ಕೆಲ್ಲ ಬೆನ್ನು ತೋರಿಸಿ ಬರುವುದು, ಆಮೇಲೆ ಅಂಗಡಿಯಲ್ಲಿ ಕೂತು ನನ್ನ ಮೂಗನ್ನೇ ನಾಲ್ಕು ಜನಕ್ಕೆ ತೋರಿಸುವುದು. ಹಿಂದೆ ಬಿಳಿಯದೇನೋ ಕಂಡರೆ ಅದು ಜಲಪಾತ.

ಆ ವರ್ಷ ನಾಗರ ಪಂಚಮಿಗೆ ಅಕ್ಕನನ್ನು ತವರಿಗೆ ಕರೆತರಲು ನಾನೇ ಹೋದೆ. ನಮ್ಮ ಕಡೆ ಪಂಚಮಿಗೆ ಅಣ್ಣತಮ್ಮಂದಿರು ಹೋಗಿ ಕರೆಯದಿದ್ದರೆ ಹೆಣ್ಣುಮಕ್ಕಳಿಗೆ ಗಂಡನ ಮನೆಯಲ್ಲಿ ತಲೆ ಎತ್ತಲು ಆಗುವುದಿಲ್ಲ. ನಾನು ಊರು ಮುಟ್ಟಿದಾಗ ಅಕ್ಕ ಗುಡಿಯಲ್ಲಿದ್ದಳು. ಸೀರೆ ಬದಲಿಸಿ, ಚೀಲ ತುಂಬಿಕೊಂಡು ಬರಲು ಮನೆಗೆ ಹೋಗಬೇಕಿತ್ತು. ಹಬ್ಬದ ರಜೆ ಸಿಕ್ಕಿತ್ತು, ಆದರೆ ಗೇಟು ಮುಚ್ಚುವ ಹೊತ್ತಿನವರೆಗೆ ಕಾವಲು ಬಿಟ್ಟು ಹೋಗುವ ಹಾಗಿಲ್ಲ.

"ಇಲ್ಲೇ ನೆಳ್ಳಾಗ ಕುಂದ್ರು ತಮ್ಮಾ. ಯಾರನ್ನೂ ಒಳಗ ಬಿಡಬ್ಯಾಡ. ಯಾರರ ಬಂದ್ರ ಅಕ್ಕ ಊಟಕ್ಕ ಹೋಗ್ಯಾಳ ಅನ್ನು" ಎಂದು ಹೇಳಿ ಅವಸರದಿಂದ ಹೋದಳು.

ಯಾರೂ ಬರಲಿಲ್ಲ. ಯಾರೂ ಬರಬೇಕಾಗಿಯೂ ಇರಲಿಲ್ಲ.

ಗರ್ಭಗುಡಿಯ ಬಾಗಿಲ ಪಕ್ಕದಲ್ಲಿ ಒಬ್ಬ ದ್ವಾರಪಾಲಕ ನಿಂತಿದ್ದ. ನನ್ನ ಎದೆಯವರೆಗೆ ಬರುವ ಕಲ್ಲಿನ ಮೂರ್ತಿ. ಒಂದು ಕೈ ಯಾವ ಕಾಲಕ್ಕೋ ಹೋಗಿತ್ತು, ಆದರೆ ಮುಖ ಮಾತ್ರ ಇದೀಗ ಕ್ಷೌರ ಮುಗಿಸಿ ಎದ್ದ ಗಂಡಸಿನ ಮುಖದಂತೆ ತಿಳಿಯಾಗಿತ್ತು. ಹಿಂದೊಮ್ಮೆ ಬಿರುಕು ಬಿಟ್ಟಿತ್ತೆಂದು ಕುತ್ತಿಗೆಯ ಸುತ್ತ ಸಿಮೆಂಟು ಮೆತ್ತಿದ್ದರು. ಅವನ ಜೊತೆ ಒಂದು ಫೋಟೋ ಹೊಡೆದುಕೊಳ್ಳೋಣ ಅನಿಸಿತು. ಪೀಠದ ಮೇಲೆ ಒಂದು ಕಾಲಿಟ್ಟು, ಗೆಳೆಯನ ಹೆಗಲ ಮೇಲೆ ಹಾಕುವಂತೆ ಅವನ ಕುತ್ತಿಗೆಗೆ ಕೈ ಹಾಕಿದೆ. ಇಬ್ಬರ ಮುಖವೂ ಬರಬೇಕಲ್ಲ, ಸ್ವಲ್ಪ ನನ್ನ ಕಡೆಗೆ ಜಗ್ಗಿದೆ. ಗುಂಡಿ ಒತ್ತಿದ್ದಕ್ಕೂ ತಲೆ ಕಿತ್ತು ನನ್ನ ಕಂಕುಳಿಗೆ ಬಂದದ್ದಕ್ಕೂ ಸರಿಹೋಯಿತು.

ಹಾಗೇ ಅಲ್ಲಿಯೇ ಇಟ್ಟು, ಅಕ್ಕ ಬಂದಮೇಲೆ ಕಾಲು ಹಿಡಿದಿದ್ದರೆ ಕಥೆ ಅಷ್ಟಕ್ಕೇ ಮುಗಿಯುತ್ತಿತ್ತು. ನಾನು ಹಾಗೆ ಮಾಡಲಿಲ್ಲ. ಭಿನ್ನವಾದ ಮೂರ್ತಿಯನ್ನು ಇಟ್ಟುಕೊಳ್ಳಬಾರದು, ಹರಿಯುವ ನೀರಿಗೆ ಬಿಡಬೇಕು ಎಂದು ನಮ್ಮ ಅಜ್ಜಿ ಹೇಳಿಕೊಟ್ಟಿದ್ದಳು. ದೇವರ ಜಗಲಿಯ ಮೇಲಿನ ಬಸವಣ್ಣನ ಕೋಡು ಮುರಿದಾಗ ಅವಳು ಹಾಗೆಯೇ ಮಾಡಿದ್ದಳು. ಸರಕಾರದ ಮೂರ್ತಿಗೆ ಬೇರೆ ಪದ್ಧತಿ ಇರುತ್ತದೆಂದು ನನಗೆ ಹೊಳೆಯಲಿಲ್ಲ. ತಲೆಯನ್ನು ಟವೆಲಿನಲ್ಲಿ ಸುತ್ತಿ ನನ್ನ ಚೀಲಕ್ಕೆ ಹಾಕಿದೆ. ಅಂಜಿಕೆಗೆ ಭಕ್ತಿಯ ಅಂಗಿ ತೊಡಿಸಿದರೆ ಎಷ್ಟು ಧೈರ್ಯ ಬರುತ್ತದೆ ಎಂಬುದು ಅವತ್ತು ತಿಳಿಯಿತು.

ಅಕ್ಕ ಹಸಿರು ಸೀರೆ ಉಟ್ಟು ಬಂದಳು. ಎಲ್ಲ ಬರೋಬರಿ ಇದೆಯೇ ಎಂದು ಕೇಳಿದಳು. ಇದೆ ಅಂದೆ. ಬಸ್ಸಿನ ಹೊತ್ತಾಗಿದ್ದರಿಂದ ಒಳಗೆ ಇಣುಕಲೂ ಇಲ್ಲ, ಗೇಟಿಗೆ ಕೀಲಿ ಹಾಕಿ ಕೀಲಿಕೈ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಗೋಕಾಕ ದಾಟಿದ ಮೇಲೆ ಘಟಪ್ರಭಾ ಸೇತುವೆಯ ಮೇಲೆ ಬಸ್ಸು ನಿಂತಿತು. ಶ್ರಾವಣದ ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು, ಎದುರಿಗೆ ಗಾಡಿಗಳ ಸಾಲು. ಜನ ಇಳಿದು ನೀರು ನೋಡತೊಡಗಿದರು. ನಾನೂ ಚೀಲ ಹಿಡಿದು ಇಳಿದೆ. ಟವೆಲಿನ ಗಂಟನ್ನು ಎರಡೂ ಕೈಯಿಂದ ಎತ್ತಿ ಹೊಳೆಗೆ ಬಿಟ್ಟೆ. ತಿರುಗಿದರೆ ಅಕ್ಕ ಕಿಟಕಿಯಿಂದ ನನ್ನನ್ನೇ ನೋಡುತ್ತಿದ್ದಳು. ಏನು ಬಿಟ್ಟೆ ಎಂದು ಕೇಳಿದಳು.

"ಟೆಂಗಿನಕಾಯಿ. ಹರಕಿ ಇತ್ತು" ಅಂದೆ.

"ಚಲೋ ಮಾಡ್ದಿ ನೋಡು" ಎಂದು ಅಕ್ಕ ಸೆರಗು ತಲೆಯ ಮೇಲೆ ಎಳೆದುಕೊಂಡು ಹೊಳೆಗೆ ಕೈ ಮುಗಿದಳು.

ಪಂಚಮಿ ಮುಗಿಸಿ ಅವಳು ಗಂಡನ ಊರಿಗೆ ಮರಳಿ ಗೇಟು ತೆಗೆದಳು. ತಲೆ ಇಲ್ಲದ್ದನ್ನು ಕಂಡವಳು ಅವಳೇ, ಇಲಾಖೆಗೆ ಸುದ್ದಿ ಮುಟ್ಟಿಸಿದವಳೂ ಅವಳೇ. ಸಾಹೇಬರು ಜೀಪಿನಲ್ಲಿ ಬಂದರು. ಕೀಲಿ ಮುರಿದಿಲ್ಲ, ಕೀಲಿಕೈ ನಿನ್ನ ಸೆರಗಿನಲ್ಲಿ, ತಲೆ ಎಲ್ಲಿ ಎಂದು ಕೇಳಿದರು. ಮುರಿದ ತಲೆ ಅಲ್ಲೇ ಬಿದ್ದಿದ್ದರೆ ಹಿಂದಿನ ಸಲದಂತೆ ಸಿಮೆಂಟು ಮೆತ್ತಿ ಮುಗಿಸುತ್ತಿದ್ದರಂತೆ. ಇಲ್ಲವಾದ್ದರಿಂದ ಅದು ಕಳವು. ಹಳೆಯ ಮೂರ್ತಿಗಳನ್ನು ಕೊಳ್ಳುವವರು ದೂರದ ಶಹರಗಳಲ್ಲಿ ಇದ್ದಾರಂತೆ, ಯಾರಿಗೆ ಮಾರಿದೆ ಹೇಳು ಎಂದರು. ನಾನು ಅಲ್ಲಿ ಕಾವಲಿಗೆ ಕೂತಿದ್ದನ್ನು ಅಕ್ಕ ಬಾಯಿ ಬಿಡಲಿಲ್ಲ. ಪಂಚನಾಮೆ ಮುಗಿದ ಮೇಲೆ ಸಾಹೇಬರ ಜೊತೆ ಬಂದವನೊಬ್ಬ ರುಂಡವಿಲ್ಲದ ಕುತ್ತಿಗೆಯ ಮೇಲೆ ತನ್ನ ಗದ್ದವಿಟ್ಟು ಫೋಟೋ ತೆಗೆಸಿಕೊಂಡ. ಉಳಿದವರಿಗೂ ಅದು ಸೇರಿತು. ಸಾಹೇಬರು ಮೊದಲು ಬೇಡವೆಂದು ಆಮೇಲೆ ನಿಂತರು. ಮರುದಿನದಿಂದ ಕೆಲಸಕ್ಕೆ ಬರಬೇಡವೆಂದು ಅಕ್ಕನಿಗೆ ಹೇಳಿ ಹೋದರು.

ಸುದ್ದಿ ಹರಡಿದ ಮೇಲೆ ಗುಡಿಗೆ ಹಿಂದೆಂದೂ ಬರದಷ್ಟು ಜನ ಬಂದರು. ಅರಭಾವಿಯ ಕಾಲೇಜು ಹುಡುಗರು ಬಸ್ಸು ಹಿಡಿದು ಬಂದು ತಮ್ಮ ತಲೆಗಳನ್ನು ಸರತಿಯಂತೆ ಆ ಕುತ್ತಿಗೆಯ ಮೇಲೆ ಇಟ್ಟು ಹೋದರು. ತಲೆ ಇದ್ದಾಗ ದ್ವಾರಪಾಲಕನನ್ನು ಯಾರೂ ಕೇಳಿರಲಿಲ್ಲ.

ಪೊಲೀಸರಿಗೆ ಕೊಡುತ್ತಾರೆಂಬ ಮಾತು ಹುಟ್ಟಿದಾಗ ನನಗೆ ಊಟ ಸೇರದಾಯಿತು. ಅಕ್ಕ ಕಳ್ಳಿ ಎಂದು ಅವಳ ಅತ್ತೆ ಬಾವಿಕಟ್ಟೆಯಲ್ಲಿ ಅಂದಳಂತೆ. ಅದನ್ನು ಕೇಳಿ ನಾನು ಹುಕ್ಕೇರಿಯ ಇಲಾಖೆ ಕಚೇರಿಗೆ ಹೋಗಿ, ಸಾಹೇಬರ ಮತ್ತು ಅವರ ಕ್ಲಾರ್ಕನ ಎದುರು ನಿಂತು ನಡೆದದ್ದನ್ನೆಲ್ಲ ಹೇಳಿದೆ. ಸಾಕ್ಷಿಗೆಂದು ಮೊಬೈಲನ್ನೂ ಮುಂದೆ ಇಟ್ಟೆ.

ಸಾಹೇಬರು ಅದನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು. ಅದರಲ್ಲಿ ಇದ್ದದ್ದು ನನ್ನ ಮೂಗು, ಒಂದು ಕಣ್ಣು, ಉಳಿದದ್ದು ಕತ್ತಲೆ.

"ಇದರಾಗ ಮೂರ್ತಿ ಎಲ್ಲೈತೋ?"

"ಬಾಜೂಕ ಐತ್ರಿ ಸಾಹೇಬ್ರ. ಫೋಟೋದಾಗ ಬಂದಿಲ್ಲ."

"ತಲಿ?"

"ಹೊಳಿಯಾಗ ಐತ್ರಿ."

ಸಾಹೇಬರು ಕ್ಲಾರ್ಕನ ಮುಖ ನೋಡಿದರು. ಅವನು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡ. ತನಗೂ ಒಬ್ಬ ತಮ್ಮ ಇದ್ದಾನೆ, ಹೊಲದ ಬದುವಿನ ಸಲುವಾಗಿ ಕೋರ್ಟಿಗೆ ಎಳೆದಿದ್ದಾನೆ, ಇಂಥ ತಮ್ಮನನ್ನು ಪಡೆಯಲು ಪುಣ್ಯ ಮಾಡಿರಬೇಕು ಅಂದ. ನನಗೆ ಚಹಾ ತರಿಸಿದರು. ಅಕ್ಕನನ್ನು ಉಳಿಸಲು ಹೀಗೆ ಸುಳ್ಳು ಹೇಳಿ ಜೈಲಿಗೆ ಹೋಗಬೇಡ ಎಂದು ಸಾಹೇಬರು ಬುದ್ಧಿ ಹೇಳಿದರು. ನನ್ನ ಮುಖ ನೋಡಿ ಪೊಲೀಸರಿಗೆ ಕೊಡುವುದಿಲ್ಲ, ಆದರೆ ಕೆಲಸ ಮಾತ್ರ ತಿರುಗಿ ಸಿಗುವುದಿಲ್ಲ ಎಂದು ಮಾತು ಮುಗಿಸಿದರು.

ಅಕ್ಕನ ಮನೆಗೆ ಹೋದಾಗ ಸುದ್ದಿ ನನಗಿಂತ ಮೊದಲೇ ಮುಟ್ಟಿತ್ತು. ಬಾವಿಕಟ್ಟೆಯಲ್ಲಿ ಕಳ್ಳಿ ಅಂದಿದ್ದ ಅತ್ತೆ ನನಗೆ ತಾಟಿನಲ್ಲಿ ಹೋಳಿಗೆ ಇಟ್ಟಳು. ನಾನು ಅಕ್ಕನನ್ನು ಹಿತ್ತಲಿಗೆ ಕರೆದೊಯ್ದೆ.

"ನಾ ಖರೇನ ಹೇಳೇನಿ ಅಕ್ಕಾ. ಮುರದಾಂವ ನಾನ."

ಅವಳು ನಕ್ಕಳು. ಎಷ್ಟೋ ದಿನದ ಮೇಲೆ ನಕ್ಕದ್ದು.

"ನನ್ನ ಮುಂದೂ ನಾಟಕ ಮಾಡಬ್ಯಾಡ. ಹೊಳಿಗೆ ಬಿಟ್ಟದ್ದು ಟೆಂಗಿನಕಾಯಿ, ನಾ ಕೈ ಮುಗದೇನಿ. ನನಗ ನೌಕರಿ ಹೋದ್ರ ಹೋಗ್ಲಿ. ಇಂಥಾ ತಮ್ಮ ಅದಾನಂತ ಊರಿಗೆ ಗೊತ್ತಾತಲ್ಲ."

ನಾನು ಇನ್ನೊಂದು ಸಲ ಹೇಳಬೇಕಿತ್ತು. ಅವಳ ಮಕ್ಕಳ ಮೇಲೆ ಆಣೆ ಇಟ್ಟು ಹೇಳಬಹುದಿತ್ತು. ಹೇಳಲಿಲ್ಲ. ಮೂರ್ತಿ ಮುರಿದದ್ದು ಕೈತಪ್ಪು, ಹೊಳೆಗೆ ಬಿಟ್ಟದ್ದು ತಿಳಿಗೇಡಿತನ. ಆ ಹಿತ್ತಲಲ್ಲಿ ಸುಮ್ಮನಾದದ್ದಕ್ಕೆ ಇಂಥ ಹೆಸರು ಯಾವುದೂ ಸಿಗುವುದಿಲ್ಲ. ಒಳಗೆ ಹೋಗಿ ಹೋಳಿಗೆ ತಿಂದೆ, ಅಷ್ಟೇ.

ಅಕ್ಕ ಆಮೇಲೆ ಕಬ್ಬಿನ ಹೊಲಗಳಲ್ಲಿ ಕಸ ಕೀಳಲು ಹೋದಳು, ಈಗಲೂ ಹೋಗುತ್ತಾಳೆ. ಬೇರೆ ಗುಡಿಗಳಲ್ಲಿ ಅವಳಂತೆ ದಿನಗೂಲಿಗೆ ಇದ್ದವರೆಲ್ಲ ಕಾಯಂ ಆದರು. ನನ್ನ ಹೆಸರಂತೂ ಬೆಳೆಯುತ್ತಲೇ ಹೋಯಿತು. ನಮ್ಮ ಬಳಗದಲ್ಲಿ ಎಲ್ಲೇ ಅಣ್ಣತಮ್ಮಂದಿರ, ಅಕ್ಕತಂಗಿಯರ ಆಸ್ತಿ ಜಗಳ ಬಂದರೂ ನಾಲ್ಕು ಮಾತು ಹೇಳಲು ನನ್ನನ್ನು ಕರೆಯುತ್ತಾರೆ. ಮೊನ್ನೆಯೂ ಒಂದು ಮನೆಗೆ ಕರೆದಿದ್ದರು. ಕುರ್ಚಿ ಹಾಕಿದರು, ಎಲ್ಲರೂ ಸುಮ್ಮನಾದರು. ಹೆಣ್ಣುಮಕ್ಕಳ ಸಾಲಿನಲ್ಲಿ ಅಕ್ಕ ಕೂತಿದ್ದಳು. ಇವನೇ ನನ್ನ ತಮ್ಮ ಎಂದು ಪಕ್ಕದವಳ ಕಿವಿಯಲ್ಲಿ ಹೇಳುತ್ತಿದ್ದಳು. ನಾನು ಗಂಟಲು ಸರಿ ಮಾಡಿಕೊಂಡು, ಒಡಹುಟ್ಟಿದವರ ನಡುವೆ ಸುಳ್ಳು ಇರಬಾರದು ಎಂದು ಮಾತು ಶುರು ಮಾಡಿದೆ.